ಹಳೆಯ ಹೆಸರು, ಹೊಸ ಮಗು

ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದವನನ್ನು ಬಡಾವಣೆಯ ಜನ ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಎರಡು ಕಾರ್ಯಗಳಿಗೆ. ಒಂದು, ಲಗ್ನಪತ್ರಿಕೆಯ ಒಕ್ಕಣೆ ತಿದ್ದಿಸುವುದು. ಇನ್ನೊಂದು, ಹುಟ್ಟಿದ ಮಗುವಿಗೆ ಹೆಸರು ಕೇಳುವುದು. ಮೊದಲನೆಯದು ಸುಲಭ, ಎರಡನೆಯದು ಹಾಗಲ್ಲ. ಹಿಂದೆ ಬರುತ್ತಿದ್ದವರು “ಯಾರೂ ಇಟ್ಟಿರದ ಹೆಸರು ಹೇಳಿ ಸಾರ್” ಎನ್ನುತ್ತಿದ್ದರು. ಈಚೆಗೆ ಬರುವ ದಂಪತಿಗಳಲ್ಲಿ ಕೆಲವರಾದರೂ “ತಾತನ ಕಾಲದ ಹೆಸರೇ ಬೇಕು, ಆದರೆ ಯಾವುದನ್ನು ಆರಿಸಬೇಕೋ ತಿಳಿಯುತ್ತಿಲ್ಲ” ಎನ್ನುತ್ತಾರೆ. ಗಂಡುಮಗುವಿನ ಹಳೆಯ ಹೆಸರುಗಳ ನಡುವೆ ಆಯ್ಕೆ ಮಾಡುವುದು ಹೇಗೆ ಎಂಬ ಈ ಪ್ರಶ್ನೆಯನ್ನೇ ಇಂದಿನ ಭಾಷಣಕ್ಕೆ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಹೆಸರುಗಳಿಗೂ ವಯಸ್ಸುಂಟು. ತಂದೆಯ ತಲೆಮಾರಿನ ಹೆಸರುಗಳು ಮಕ್ಕಳಿಗೆ ಹಳಸಿದಂತೆ ತೋರುತ್ತವೆ; ತಾತನ ತಲೆಮಾರಿನವು ಮಾಗಿದಂತೆ ತೋರುತ್ತವೆ. ರಮೇಶ, ಸುರೇಶ, ಗಿರೀಶ, ಸತೀಶರು ನಮ್ಮ ತರಗತಿಗಳ ತುಂಬ ಇದ್ದರು. ಇಂದು ತಮ್ಮ ಕೂಸಿಗೆ ಆ ಹೆಸರಿಡಬೇಕೆಂದು ಕೇಳಿಕೊಂಡು ಬಂದವರನ್ನು ನಾನು ಕಂಡಿಲ್ಲ. ಆದರೆ ಆ ರಮೇಶ ಸುರೇಶರ ತಾತಂದಿರಾದ ನಂಜುಂಡ, ಚೆನ್ನಪ್ಪ, ಪುಟ್ಟಣ್ಣ, ಸಿದ್ದಯ್ಯರನ್ನು ಮರಳಿ ಕರೆಯಬೇಕೆನ್ನುವವರು ಇದ್ದಾರೆ. ಇದರಲ್ಲಿ ಸ್ವಲ್ಪ ಹುರುಪೂ ಇರಬಹುದು, ಸ್ವಲ್ಪ ಷೋಕಿಯೂ ಇರಬಹುದು. ಹಾಗಿದ್ದರೂ ನನಗೆ ಇದು ಸಂತೋಷದ ವಿಷಯ. ಸಂತೋಷಪಡುವ ಮುನ್ನ ಮಾತ್ರ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಹಳೆಯ ಹೆಸರೆಂದರೆ ಯಾರ ಹೆಸರು?

ಹಳಮೆಯ ಮಾತು ಬಂದಾಗ ನಾವು ದೂರ ಹೋಗಬೇಕಾಗಿಲ್ಲ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ ಕಲ್ಲು ಅದು. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುವಂಥದು. ಶತ್ರುಗಳು ಏರಿಬಂದಾಗ ಊರಿಗಾಗಿ ಕಾದಿ ಮಡಿದ ಒಬ್ಬ ವೀರನ ಹೆಸರು ಅದರಲ್ಲಿದೆ: ಕಿತ್ತಯ್ಯ. ಇಂದು ಮೇಲುಸೇತುವೆಯ ಮೇಲೆ ಸಾವಿರಾರು ವಾಹನಗಳು ಹಾಯುವ ನೆಲದಲ್ಲಿ ಹನ್ನೆರಡೂವರೆ ಶತಮಾನಗಳ ಹಿಂದೆ ಬದುಕಿದ್ದ ಮನುಷ್ಯನಿಗೂ, ನಮ್ಮ ಪಕ್ಕದ ಮನೆಯ ನಂಜುಂಡಯ್ಯನವರಿಗೂ ಹೆಸರಿನ ಕೊನೆ ಒಂದೇ. ‘ಅಯ್ಯ’ ಎಂಬ ಆ ಗೌರವದ ಮಾತಿಗೆ ಇಷ್ಟು ವಯಸ್ಸಾಗಿದೆ.

ಅದೇ ಕಲ್ಲಿನಲ್ಲಿ ಈ ಪ್ರದೇಶದ ಹೆಸರೂ ಇದೆ: ‘ಪೆರ್ಬೊೞಲ್ ನಾಡು’. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರವಾದಾಗ ಪಾಲು ಹಾಲಾಯಿತು, ಪೂ ಹೂವಾಯಿತು, ಪೆರ್ಬೊೞಲು ಹೆಬ್ಬಾಳವಾಯಿತು. ‘ಪೆಸರ್’ ಎಂಬುದು ‘ಹೆಸರು’ ಆದದ್ದೂ ಇದೇ ಹಾದಿಯಲ್ಲಿ. ಹೆಸರು ಕಲ್ಲಿನಂತೆ ನಿಂತಲ್ಲಿ ನಿಲ್ಲುವುದಿಲ್ಲ; ಆಡುವವರ ನಾಲಗೆಯ ಮೇಲೆ ತೇಯುತ್ತ, ತಿರುಗುತ್ತ ಬರುತ್ತದೆ. ಹಳೆಯ ಹೆಸರನ್ನು ಆರಿಸುವವರು ನೆನಪಿಡಬೇಕಾದ ಮೊದಲ ಸಂಗತಿ ಇದು.

ನಮ್ಮ ಉತ್ತರ ಬೆಂಗಳೂರಿನ ಬಸ್ಸುಗಳ ಫಲಕಗಳನ್ನು ಒಮ್ಮೆ ಓದಿನೋಡಿ. ಹಳೆಯ ವ್ಯಕ್ತಿನಾಮಗಳ ಕೋಶವೊಂದು ಕಣ್ಣೆದುರಿಗೆ ಓಡಾಡುತ್ತಿರುತ್ತದೆ. ಹೆಬ್ಬಾಳದ ಬಳಿ ಕೆಂಪಾಪುರ. ಜಕ್ಕೂರಿನ ಬಳಿ ರಾಚೇನಹಳ್ಳಿ. ಯಲಹಂಕಕ್ಕೆ ಸೇರಿದಂತೆ ಪುಟ್ಟೇನಹಳ್ಳಿ, ಚಿಕ್ಕಬೊಮ್ಮಸಂದ್ರ. ಯಶವಂತಪುರದ ಪಕ್ಕದಲ್ಲಿ ಮಾರಪ್ಪನಪಾಳ್ಯ. ಸಂಜಯನಗರದ ಕಡೆಗೆ ನಾಗಶೆಟ್ಟಿಹಳ್ಳಿ. ‘ರಾಚ’ ಎಂಬುದು ‘ರಾಜ’ನೇ; ಗಂಗರ ರಾಚಮಲ್ಲನಲ್ಲಿರುವವನೂ ಅವನೇ. ‘ಬೊಮ್ಮ’ ಎಂಬುದು ಬ್ರಹ್ಮ. ‘ಸಂದ್ರ’ವು ಸಮುದ್ರ, ಅಂದರೆ ಕೆರೆ. ಒಬ್ಬ ಚಿಕ್ಕಬೊಮ್ಮನ ಹೆಸರು ಕೆರೆಗೆ ಹತ್ತಿ, ಕೆರೆಯಿಂದ ಊರಿಗೆ ಹತ್ತಿ, ಊರಿನಿಂದ ಬಡಾವಣೆಗೆ ಹತ್ತಿದೆ. ಆತನ ವಂಶದವರು ಎಲ್ಲಿದ್ದಾರೋ ಯಾರು ಬಲ್ಲರು? ಹೆಸರು ಮಾತ್ರ ನಿತ್ಯ ಸಾವಿರ ಬಾಯಲ್ಲಿ ಆಡುತ್ತಿದೆ.

ಈ ಹೆಸರುಗಳನ್ನು ಒಟ್ಟಾಗಿ ನೋಡಿದಾಗ ಮೂರು ಬಗೆ ಕಾಣುತ್ತದೆ. ಕೆಂಪ, ಪುಟ್ಟ, ಚಿಕ್ಕ, ದೊಡ್ಡ, ಚೆಲುವ, ಹೊನ್ನ ಇವು ನಮ್ಮ ಅಚ್ಚಗನ್ನಡದ ಮಾತುಗಳು. ರಾಚ, ಬೊಮ್ಮ, ಬಸವ, ರನ್ನ, ಬೈರ ಇವು ಸಂಸ್ಕೃತದಿಂದ ಬಂದು ಕನ್ನಡದ ನೀರು ಕುಡಿದು ಬೆಳೆದವು. ವೃಷಭ ಬಸವನಾದ, ರತ್ನ ರನ್ನನಾದ, ಭೈರವ ಬೈರನಾದ. ಮೂರನೆಯವು ಸಂಸ್ಕೃತದಲ್ಲಿದ್ದಂತೆಯೇ ಉಳಿದ ಹೆಸರುಗಳು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿಯ ಬರಹದಲ್ಲಿಯೇ ‘ಪಶುಪತಿ’ ಎಂಬ ಅಚ್ಚ ಸಂಸ್ಕೃತದ ಹೆಸರೂ ‘ವಿಜಅರಸ’ ಎಂಬ ಬೆರಕೆಯ ಹೆಸರೂ ಒಟ್ಟಿಗೆ ಇವೆ. ಆದಕಾರಣ ಇದು ನಮ್ಮದು, ಅದು ಹೊರಗಿನದು ಎಂಬ ಜಗಳ ಹೆಸರಿನ ವಿಚಾರದಲ್ಲಿ ಅಷ್ಟಾಗಿ ಸಲ್ಲದು. ಆದರೆ ಮೊದಲೆರಡು ಬಗೆಗಳನ್ನು ನಾವು ಹಳ್ಳಿಯವೆಂದು ಕೈಬಿಟ್ಟು, ಮೂರನೆಯದನ್ನು ಮಾತ್ರ ನಾಗರಿಕವೆಂದು ಹಿಡಿದದ್ದು ನಿಜ.

ಒಂದೇ ಉದಾಹರಣೆ ಸಾಕು. ಶ್ರೀಕಂಠ, ನೀಲಕಂಠ, ನಂಜುಂಡ ಮೂರೂ ಒಬ್ಬನೇ ದೇವರ ಹೆಸರುಗಳು. ನೀಲಕಂಠನೆಂದಾಗ ಕೊರಳಿನ ಬಣ್ಣ ತಿಳಿಯುತ್ತದೆ. ನಂಜುಂಡನೆಂದಾಗ ಆ ಬಣ್ಣ ಬಂದ ಕಥೆಯೇ ತಿಳಿಯುತ್ತದೆ. ನಂಜು ಎಂದರೆ ವಿಷ; ಅದನ್ನು ಉಂಡವನು. ನಾಲ್ಕು ಜನರ ಹಿತಕ್ಕಾಗಿ ಒಬ್ಬನು ಮಾಡಿದ ಕಾರ್ಯವನ್ನು ಮೂರಕ್ಷರದಲ್ಲಿ ಹೇಳಿ ಮುಗಿಸುವ ಹೆಸರು ಇದು. ನಂಜನಗೂಡಿನ ಈ ದೇವರು ಟಿಪ್ಪುವಿನ ಆನೆಯ ಕಣ್ಣನ್ನು ಗುಣಪಡಿಸಿದನೆಂದೂ, ಆಗ ಸುಲ್ತಾನನು ಇವನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. ಜಾತಿ ಮತಗಳ ಗಡಿ ದಾಟಿ ಓಡಾಡಿದ ಹೆಸರೆಂಬುದಕ್ಕೆ ಆ ಐತಿಹ್ಯವೇ ಸಾಕ್ಷಿ.

ಇನ್ನು ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವವರುಂಟು. ಗೃಹ್ಯಸೂತ್ರಗಳು ಗಂಡುಮಗುವಿನ ಹೆಸರಿಗೆ ಲಕ್ಷಣ ಕಟ್ಟಿವೆ. ಎರಡು ಅಥವಾ ನಾಲ್ಕು ಅಕ್ಷರ ಇರಬೇಕು, ಮೊದಲಕ್ಷರ ಘೋಷವಾಗಿರಬೇಕು, ನಡುವೆ ಯ, ರ, ಲ, ವ ಎಂಬ ಅಂತಸ್ಥಗಳಲ್ಲಿ ಒಂದು ಬರಬೇಕು, ಕೃದಂತವಾಗಿರಬೇಕು, ತದ್ಧಿತಾಂತವಾಗಿರಬಾರದು. ಈ ಲಕ್ಷಣವನ್ನು ಬಿಗಿಯಾಗಿ ಹಿಡಿದರೆ ಕೃಷ್ಣನ ಹೆಸರೇ ತೇರ್ಗಡೆಯಾಗುವುದಿಲ್ಲ, ಏಕೆಂದರೆ ಅದರ ಮೊದಲಕ್ಷರ ಅಘೋಷ. ನಮ್ಮ ನಂಜುಂಡನಿಗೆ ಅಕ್ಷರಸಂಖ್ಯೆಯಲ್ಲಿ ಒಂದು ಹೆಚ್ಚು ಅಥವಾ ಒಂದು ಕಡಿಮೆ. ಆದರೆ ‘ಉಂಡ’ ಎಂಬುದು ಉಣ್ ಧಾತುವಿನಿಂದ ಬಂದ ಕೃದಂತವಾದ್ದರಿಂದ ಒಂದು ಪ್ರಶ್ನೆಗಾದರೂ ಪೂರ್ಣಾಂಕ ಸಿಗುತ್ತದೆ. ಪತಂಜಲಿಯ ಮಹಾಭಾಷ್ಯದಲ್ಲಿ ಈ ಲಕ್ಷಣಗಳೊಂದಿಗೆ ಇನ್ನೊಂದು ಮಾತು ಸೇರಿದೆ: ಹೆಸರು ‘ತ್ರಿಪುರುಷಾನೂಕ’ವಾಗಿರಬೇಕು, ಅಂದರೆ ತಂದೆಯ ಕಡೆಯ ಮೂರು ತಲೆಗಳ ಹಿರಿಯರನ್ನು ಅನುಸರಿಸಿರಬೇಕು. ಅಕ್ಷರಗಳ ಲೆಕ್ಕವನ್ನು ನಮ್ಮ ಜನ ಮರೆತರು. ಈ ಮಾತನ್ನು ಮಾತ್ರ, ಮಹಾಭಾಷ್ಯದ ಹೆಸರನ್ನೇ ಕೇಳದವರೂ, ನಡೆಸಿಕೊಂಡು ಬಂದರು.

ತಾತನ ಹೆಸರು ಮೊಮ್ಮಗನಿಗೆ ಎಂಬುದು ದಕ್ಷಿಣದೇಶದ ದೊಡ್ಡ ಕಟ್ಟಳೆ. ತಮಿಳಿನಲ್ಲಿ ಮೊಮ್ಮಗನಿಗೆ ‘ಪೇರನ್’ ಎನ್ನುತ್ತಾರೆ. ‘ಪೇರ್’ ಎಂದರೆ ಹೆಸರು. ಹೆಸರನ್ನು ಹೊತ್ತವನೇ ಮೊಮ್ಮಗ. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜರು, ಅವರ ದತ್ತುಪುತ್ರ ಚಾಮರಾಜೇಂದ್ರರು, ಇವರ ಮಗ ನಾಲ್ವಡಿ ಕೃಷ್ಣರಾಜರು, ಆಮೇಲೆ ಜಯಚಾಮರಾಜೇಂದ್ರರು, ಹೀಗೆ ಎರಡು ಹೆಸರುಗಳು ಜಗುಲಿಯ ಎರಡು ಕಂಬಗಳಂತೆ ಒಂದು ಬಿಟ್ಟು ಒಂದು ನಿಂತಿವೆ. ಯಲಹಂಕದ ನಾಡಪ್ರಭುಗಳಲ್ಲಿಯೂ ಹಾಗೆಯೇ. ಗಿಡ್ಡೇಗೌಡನಿಗೆ ಬಹುಕಾಲ ಸಂತಾನವಿಲ್ಲದೆ, ಕೆಂಪಮ್ಮದೇವಿಗೆ ಹರಕೆ ಹೊತ್ತು ಪಡೆದ ಮಗನಿಗೆ ಕೆಂಪನಂಜೇಗೌಡ ಎಂದು ಹೆಸರಿಟ್ಟನೆಂಬುದು ಐತಿಹ್ಯ. ಅವನ ಮಗನೇ ೧೫೩೭ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡ. ಮುಂದೆ ಇಮ್ಮಡಿ, ಮುಮ್ಮಡಿ ಎಂದು ಅದೇ ಹೆಸರು ಮರಳಿತು. ಕೆಂಪಮ್ಮನನ್ನೂ ನಂಜುಂಡನನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಜಾಣ್ಮೆಯನ್ನು ಗಮನಿಸಬೇಕು. ಎರಡು ಹರಕೆ, ಎರಡು ಮನೆತನ, ಎರಡು ಆಸೆ ಇದ್ದಾಗ ಹೆಸರನ್ನು ಹೀಗೆ ಬೆಸೆಯುವುದು ನಮ್ಮಲ್ಲಿ ಹಳೆಯ ರೂಢಿ.

ತಾತನ ಹೆಸರಿಡುವುದರಲ್ಲಿ ಒಂದು ತೊಡಕೂ ಇತ್ತು. ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮಗುವನ್ನು ಬೈಯುವುದಂತೂ ದೂರ, ಕರೆಯುವುದೂ ಕಷ್ಟ. ಅದಕ್ಕಾಗಿ ತೊಟ್ಟಿಲಿಗೊಂದು ಹೆಸರು, ಪಟ್ಟಿಗೊಂದು ಹೆಸರು. ಪುಟ್ಟಣ್ಣ, ಚಿಕ್ಕಣ್ಣ, ಅಪ್ಪಯ್ಯ, ರಾಜಣ್ಣ ಮುಂತಾದ ಎಷ್ಟೋ ಹೆಸರುಗಳು ಹೀಗೆ ಅಡಿಗೆಮನೆಯಲ್ಲಿ ಹುಟ್ಟಿ ಕಡೆಗೆ ಕಚೇರಿಯ ಕಾಗದಗಳಿಗೂ ಏರಿದವು. ಹಸುಳೆಯನ್ನು ‘ಅಪ್ಪ’, ‘ಅಣ್ಣ’, ‘ಅಯ್ಯ’ ಎಂದು ಹಿರಿಯರ ಮಾತಿನಿಂದ ಕರೆಯುವುದರ ಹಿಂದೆ ಈ ಭಾವವೂ ಇದೆ: ತೊಟ್ಟಿಲಲ್ಲಿ ಮಲಗಿರುವವನು ಮಗುವೂ ಹೌದು, ಮರಳಿ ಬಂದ ಹಿರಿಯನೂ ಹೌದು.

ಎಲ್ಲ ಹಳೆಯ ಹೆಸರುಗಳೂ ವಂಶಗೌರವದಿಂದ ಬಂದವಲ್ಲ. ಕೆಲವು ಭಯದಿಂದ ಬಂದವು. ಹುಟ್ಟಿದ ಮಕ್ಕಳು ಉಳಿಯದಿದ್ದ ಕಾಲದಲ್ಲಿ, ಹಿಂದಿನ ಮಗುವನ್ನು ಕಳೆದುಕೊಂಡ ತಾಯಿ ಮುಂದಿನದಕ್ಕೆ ಚೆಂದದ ಹೆಸರಿಡಲು ಹೆದರುತ್ತಿದ್ದಳು. ಗುಂಡ, ಕಲ್ಲ, ತಿಪ್ಪ, ತಿರುಕ, ಹುಚ್ಚ ಎಂದು ಕರೆದರೆ ಕೆಟ್ಟ ಕಣ್ಣು ತಿರುಗಿಯೂ ನೋಡದು, ಮೃತ್ಯು ಬಾಗಿಲಿಂದಲೇ ಹಿಂದಿರುಗೀತು ಎಂಬ ಆಸೆ. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂಬ ಹಾರೈಕೆಯೂ ಇತ್ತು. ‘ಜವರಾಯ’ನೆಂದರೆ ಯಮರಾಯನೇ, ಅವನ ಹೆಸರನ್ನೇ ಮಗುವಿಗಿಟ್ಟರೆ ಅವನು ತನ್ನವನನ್ನು ಕೊಂಡೊಯ್ಯುವನೇ? ಗುಂಡಪ್ಪ, ತಿಪ್ಪಯ್ಯ, ಹುಚ್ಚಪ್ಪ ಎಂಬ ಹೆಸರು ಕೇಳಿ ನಗುವ ಮುನ್ನ, ಆ ಹೆಸರನ್ನು ಮೊದಲು ಉಚ್ಚರಿಸಿದ ತಾಯಿಯ ಒಡಲಿನ ನಡುಕವನ್ನು ನೆನೆಯಬೇಕು. ಈ ಬಗೆಯ ಹೆಸರನ್ನು ಇಂದು ಇಡಬೇಕೆಂದು ನಾನು ಹೇಳುವುದಿಲ್ಲ. ಆ ಭಯ ಈಗ ನಮಗಿಲ್ಲದಿರುವುದು ಪುಣ್ಯ. ಆದರೆ ನಿಮ್ಮ ವಂಶವೃಕ್ಷದಲ್ಲಿ ಒಬ್ಬ ತಿಪ್ಪಯ್ಯನಿದ್ದರೆ ಅವನ ಬಗ್ಗೆ ನಾಚಬೇಕಾಗಿಲ್ಲ. ಬಹುಶಃ ಮನೆಯಲ್ಲಿ ಅತ್ಯಂತ ಹೆಚ್ಚಾಗಿ ಬೇಡಿ ಪಡೆದ ಮಗು ಅವನೇ.

ಋಣದಿಂದ ಬಂದ ಹೆಸರುಗಳು ಮತ್ತೊಂದು ವರ್ಗ. ಹತ್ತನೆಯ ಶತಮಾನದ ರನ್ನ ಕವಿ ಮುದುವೊಳಲಿನ ಬಳೆಗಾರರ ಮನೆಯ ಹುಡುಗ. ಅವನ ವಿದ್ಯೆಗೂ ಕಾವ್ಯಕ್ಕೂ ಆಸರೆಯಾದವರು ಗಂಗರ ಮಂತ್ರಿ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ಕವಿಚಕ್ರವರ್ತಿಯೆನಿಸಿಕೊಂಡವನಿಗೆ ಸುಂದರವಾದ ಪದಗಳ ಬರವಿತ್ತೇ? ಬೇಕಾದಷ್ಟು ಪದಗಳಿದ್ದೂ ಅವನು ತನಗೆ ಬೇಕಾದ ಇಬ್ಬರು ಮನುಷ್ಯರ ಹೆಸರನ್ನು ಆರಿಸಿಕೊಂಡ. ಮಗುವಿಗೆ ಹೆಸರು ಹುಡುಕುವವರು ನಿಘಂಟು ತೆರೆಯುವ ಮೊದಲು ಈ ಸಂಗತಿಯನ್ನು ನೆನೆಯಬಹುದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಳೆಯ ಹೆಸರುಗಳ ಪರವಾದ ಮಾತು. ಇನ್ನೊಂದು ಪಕ್ಷವಿದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಾಹ್ಮಣನ ಹೆಸರು ಮಂಗಳಕರವಾಗಿಯೂ, ಕ್ಷತ್ರಿಯನದು ಬಲಸೂಚಕವಾಗಿಯೂ, ವೈಶ್ಯನದು ಧನಸೂಚಕವಾಗಿಯೂ, ಶೂದ್ರನದು ಜುಗುಪ್ಸೆ ಹುಟ್ಟಿಸುವಂತೆಯೂ ಇರಬೇಕೆಂದು ವಿಧಿಸಿತು. ಹೆಸರಿನಲ್ಲಿಯೇ ಕೀಳುಮೇಲುಗಳನ್ನು ನೆಡುವ ಈ ವಿಧಿಯ ನೆರಳು ನಮ್ಮ ಹಳ್ಳಿಗಳ ಮೇಲೆ ಬಹುಕಾಲ ಬಿದ್ದಿತ್ತು. ನೆರಳು ಬಿದ್ದ ಬಗೆ ಸೂಕ್ಷ್ಮವಾದದ್ದು. ಹೆಸರು ಒಂದೇ, ಬಾಲಂಗೋಚಿಯಲ್ಲಿ ವ್ಯತ್ಯಾಸ. ಕೆಂಪೇಗೌಡನೆಂದರೆ ಪ್ರಭು, ಕೆಂಪಯ್ಯನೆಂದರೆ ಮರ್ಯಾದಸ್ಥ, ಬರಿಯ ಕೆಂಪನೆಂದರೆ ಆಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಇದು ಹೊಸದಲ್ಲ. ಅಲ್ಲಿ ಒಡೆಯರಿಗೆ ಹೆಸರಿನೊಂದಿಗೆ ಗೌಡಿಕೆಯೋ ಹೆಗ್ಗಡಿಕೆಯೋ ಉಂಟು. ನಾಯಿಯೊಡನೆ ಕಾಡುಮೇಡು ಸುತ್ತುವ ಗುತ್ತಿಗೆ ಬರಿಯ ಹೆಸರು, ಅದಕ್ಕೂ ಮುಂದೆ ನಾಯಿಯ ಹೆಸರೇ ಹತ್ತಿ ಅವನು ‘ನಾಯಿಗುತ್ತಿ’.

ಅದೇ ಕುವೆಂಪು ಅವರ ಮನೆಯ ಹೆಸರುಗಳನ್ನು ನೋಡಿ. ತಂದೆ ವೆಂಕಟಪ್ಪ, ಮಗ ಪುಟ್ಟಪ್ಪ, ಮೊಮ್ಮಗ ೧೯೩೮ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ. ಎರಡೇ ತಲೆಮಾರಿನಲ್ಲಿ ಕುಲಸೂಚಕವೂ ಹೋಯಿತು, ಅಪ್ಪನೂ ಹೋದ; ಬೆಳಕೊಂದೇ ಉಳಿಯಿತು. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದೊಂದಿಗೆ ಮುತ್ತುರಾಜ ರಾಜ್‌ಕುಮಾರನಾದ. ಹಳೆಯ ಹೆಸರನ್ನು ಬಿಟ್ಟದ್ದು ಕೇವಲ ಪೇಟೆಯ ವ್ಯಾಮೋಹವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅನೇಕರ ಪಾಲಿಗೆ ಅದು ಬಿಡುಗಡೆಯೂ ಆಗಿತ್ತು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ಬೀಗರಿಂದ ಹೆಚ್ಚು ಕಲಿತೆ. ನನ್ನ ಮಗಳು ಮದುವೆಯಾದದ್ದು ಜಕ್ಕೂರಿನ ಕಡೆಯ ಹಳ್ಳಿಯೊಂದರ ಒಕ್ಕಲು ಮನೆತನಕ್ಕೆ. ಆಕೆಗೆ ಗಂಡುಮಗುವಾದಾಗ ದಂಪತಿಗಳ ಮುಂದೆ ಮೂರು ಹಳೆಯ ಹೆಸರುಗಳಿದ್ದವು: ನನ್ನ ತಂದೆಯ ಹೆಸರಾದ ನಂಜುಂಡ, ಅಳಿಯನ ಮನೆತನದಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಬಂದ ಕೆಂಪಣ್ಣ, ಮತ್ತು ಅಳಿಯ ಓದಿ ಮೆಚ್ಚಿಕೊಂಡಿದ್ದ ರನ್ನ. ಯಲಹಂಕದ ಪ್ರಭುಗಳಂತೆ ಮೊದಲೆರಡನ್ನು ಬೆಸೆದು ಕೆಂಪನಂಜ ಎಂದರೇನು ಎಂದು ಮಗಳು ಕೇಳಿದಳು. ನನಗಂತೂ ಆ ಸೂಚನೆ ಬಹಳ ಹ್ಯಾದವೆನಿಸಿತು. ಬೀಗರು ಮಾತ್ರ ಒಪ್ಪಲಿಲ್ಲ. ಅವರ ಹೆಸರು ರಾಜಶೇಖರ. ಅವರಿಗೆ ಹುಟ್ಟಿದಾಗ ಇಟ್ಟ ಹೆಸರು ಅವರ ತಾತನದೇ ಆದ ಕೆಂಪಣ್ಣ ಎಂಬುದು ನನಗೆ ತಿಳಿದದ್ದು ಅಂದೇ.

“ನಿಮಗೆ ಅದು ಶಾಸನದ ಹೆಸರು, ಮೇಷ್ಟ್ರೇ” ಎಂದರು ಅವರು. “ನಮ್ಮಪ್ಪ ಸ್ಕೂಲಿಗೆ ಸೇರಿಸುವಾಗ ಕೆಂಪಣ್ಣ ಎಂದೇ ಹೇಳಿದ್ದರು. ದಾಖಲೆಯಲ್ಲಿ ಬರೆದುಕೊಂಡದ್ದು ಬರಿಯ ಕೆಂಪ ಎಂದು. ಪಕ್ಕದ ಹುಡುಗನ ರಾಯರನ್ನು ಯಾರೂ ಕತ್ತರಿಸಲಿಲ್ಲ. ನಮ್ಮ ಅಣ್ಣನನ್ನು ಕತ್ತರಿಸಿದರು. ಹತ್ತು ವರ್ಷ ಹಾಜರಿ ಕೂಗುವಾಗ ಅದನ್ನು ಕೇಳಿದ್ದೇನೆ. ಹತ್ತನೆಯ ತರಗತಿಯ ಅರ್ಜಿ ತುಂಬುವಾಗ ನಾನೇ ಹೆಸರು ಬದಲಾಯಿಸಿಕೊಂಡೆ. ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ. ತಾತನ ಹೆಸರು ಅದು. ಆದರೆ ನಾನು ಬದುಕಿರುವಾಗ ಆ ಹೆಸರನ್ನು ಯಾರಾದರೂ ಅರ್ಧ ಮಾಡಿ ಕೂಗುವುದನ್ನು ಇನ್ನೊಮ್ಮೆ ಕೇಳಲಾರೆ.”

ಇದಕ್ಕೆ ಭಾಷಾಶಾಸ್ತ್ರದಲ್ಲಿ ಉತ್ತರವಿಲ್ಲ, ಹುಡುಕುವುದೂ ಸರಿಯಲ್ಲ. ಇಂದು ನಗರದ ಉತ್ತರಕ್ಕಿರುವ ವಿಮಾನ ನಿಲ್ದಾಣಕ್ಕೆ ೨೦೧೩ರಿಂದ ಕೆಂಪೇಗೌಡರ ಹೆಸರಿದೆ. ೨೦೨೨ರಿಂದ ನೂರೆಂಟು ಅಡಿಯ ಕಂಚಿನ ಪ್ರತಿಮೆಯೂ ಅಲ್ಲಿ ನಿಂತಿದೆ. ದೇಶವಿದೇಶಗಳ ಜನ ಆ ಹೆಸರನ್ನು ಓದಿಕೊಂಡು ಇಳಿಯುತ್ತಾರೆ. ಅದರಿಂದ ಕೆಂಪು ಎಂಬ ಪದಕ್ಕೆ ಬಂದ ಗೌರವ ಬೀಗರಿಗೆ ತಿಳಿಯದ್ದಲ್ಲ. ಆದರೆ ಹೆಸರಿನ ಗೌರವ ಬೇರೆ, ಆ ಹೆಸರನ್ನು ಹೊತ್ತು ನಡೆದ ಹುಡುಗನ ನೆನಪು ಬೇರೆ. ಒಂದು ಹೆಸರಿನಿಂದ ನೊಂದವರು ಮನೆಯಲ್ಲಿದ್ದಾಗ, ಆ ಹೆಸರನ್ನು ಮರಳಿ ತರುವ ಹಕ್ಕು ಅವರದು. ಓದಿನಿಂದ ಅದನ್ನು ಪ್ರೀತಿಸಲು ಕಲಿತ ನನ್ನಂಥವನದಲ್ಲ.

ಮಗುವಿನ ಹೆಸರು ನಂಜುಂಡ ಎಂದಾಯಿತು. ತಂದೆಯ ಕಡೆಯ ಹೆಸರು ಬಿಟ್ಟು ತಾಯಿಯ ಕಡೆಯದು ಹೇಗೆ ಎಂದು ಒಂದಿಬ್ಬರು ಹಿರಿಯರು ಗೊಣಗಿದ್ದುಂಟು. ಎರಡು ಮನೆಯವರೂ ನಂಜನಗೂಡಿಗೆ ನಡೆದುಕೊಳ್ಳುವವರೇ ಆದ್ದರಿಂದ ಅದು ಒಬ್ಬರ ಗೆಲುವಾಗಲಿಲ್ಲ. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದವರು ಬೀಗರೇ. ರನ್ನ ಎಂಬುದೂ ವ್ಯರ್ಥವಾಗಲಿಲ್ಲ. ಚಿನ್ನ, ರನ್ನ ಎಂದು ಕರೆಯದ ಕನ್ನಡದ ತೊಟ್ಟಿಲು ಯಾವುದಿದೆ? ಕೆಂಪಣ್ಣ ಎಂಬ ಹೆಸರು ಅದರ ಒಡೆಯರ ಬಳಿಯಲ್ಲಿಯೇ ಇದೆ.

ಇನ್ನು, ಆಯ್ಕೆಯ ಮುಂದೆ ನಿಂತವರಿಗೆ ಕೆಲವು ವ್ಯವಹಾರದ ಮಾತುಗಳು.

ಅವಸರಪಡಬೇಡಿ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಹೆಸರು ಸಿದ್ಧವಾಗದಿದ್ದರೆ ಮುಳುಗುವಂಥದೇನಿಲ್ಲ. ೧೯೬೯ರ ಜನನ ಮರಣ ನೋಂದಣಿ ಅಧಿನಿಯಮದಂತೆ ಮಗುವಿನ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಆಮೇಲೆ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ತಡವಾದರೆ ಶುಲ್ಕ ತೆತ್ತು ಹದಿನೈದು ವರ್ಷಗಳವರೆಗೂ ಅವಕಾಶವಿದೆ. ಆದರೆ ಬರೆಸುವಾಗ ಎಚ್ಚರವಿರಲಿ. ೨೦೨೩ರ ಅಕ್ಟೋಬರ್ ೧ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದು ಮೊದಲ್ಗೊಂಡು ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರ. ನನ್ನ ಬೀಗರಿಗೆ ಸಾಧ್ಯವಾದಷ್ಟು ಸುಲಭವಾಗಿ ಇಂದಿನ ಮಗು ಮುಂದೆ ತನ್ನ ಹೆಸರನ್ನು ಬದಲಿಸಿಕೊಳ್ಳಲಾರದು. ಇಡಬೇಕಾದ ಹೆಸರು ನಂಜುಂಡಯ್ಯ ಎಂದಿದ್ದರೆ ನಂಜುಂಡಯ್ಯ ಎಂದೇ ಬರೆಸಿ. ಅಯ್ಯನನ್ನು ಗುಮಾಸ್ತರ ವಿವೇಚನೆಗೆ ಬಿಡಬೇಡಿ.

ಕರೆದುನೋಡಿ. ಕನ್ನಡದ ಹೆಸರು ಸ್ವರದಿಂದ ಕೊನೆಗೊಳ್ಳುತ್ತದೆ. ಹಿತ್ತಲಿನಿಂದ ಕೂಗಿದರೆ ಆ ಕೊನೆಯ ಸ್ವರ ದೀರ್ಘವಾಗಿ ಬೀದಿಯ ತುದಿಗೆ ಮುಟ್ಟುತ್ತದೆ. ಕೊನೆಯ ಅಕಾರವನ್ನು ಕತ್ತರಿಸಿ ರಾಮನನ್ನು ರಾಮ್ ಎಂದೂ ಶಿವನನ್ನು ಶಿವ್ ಎಂದೂ ಮಾಡಿದಾಗ ಆ ಕೂಗು ಬಾಗಿಲಲ್ಲಿಯೇ ಮುಗಿಯುತ್ತದೆ. ಹತ್ತು ಸಲ ಕೂಗಿದಾಗಲೂ ಹಿತವೆನಿಸುವ ಹೆಸರೇ ಬಾಳಿಕೆ ಬರುವ ಹೆಸರು.

ಮೊದಲಕ್ಷರಗಳನ್ನೂ ನೋಡಿಕೊಳ್ಳಿ. ಊರು, ತಂದೆ, ತಾನು ಎಂಬ ನಮ್ಮ ಹಳೆಯ ಪದ್ಧತಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಿಂದ ‘ಕುವೆಂಪು’ ಎಂಬ ಹೊಸ ಹೆಸರನ್ನೇ ಕೊಟ್ಟಿತು. ಪು. ತಿ. ನ., ತೀ. ನಂ. ಶ್ರೀ., ವಿ. ಸೀ. ಇವರೆಲ್ಲ ಕನ್ನಡದ ಅಕ್ಷರಗಳಲ್ಲಿಯೇ ಮನೆಮಾತಾದರು. ಇಂಗ್ಲಿಷಿನ ಮೊದಲಕ್ಷರಗಳಿಗೆ ಆ ಪ್ರೀತಿ ಕಡಿಮೆ. ವಿಶ್ವಕವಿ ರವೀಂದ್ರನಾಥ ಠಾಕೂರರು ೧೯೩೩ರಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿದ ಒಂದು ಮಗುವಿಗೆ ‘ಅಮರ್ತ್ಯ’ ಎಂಬ ಅಪರೂಪದ ಹೆಸರು ಕೊಟ್ಟರು. ಆ ಮಗುವೇ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್. ಅಂಥವರ ಹೆಸರನ್ನು ಹೊತ್ತ ನಮ್ಮ ಬಡಾವಣೆಯನ್ನು ಮಾತ್ರ ನಾವು ಆರ್. ಟಿ. ನಗರ ಎಂದೇ ಮುಗಿಸುತ್ತೇವೆ. ಆ ಎರಡಕ್ಷರದಲ್ಲಿ ಕವಿಯೊಬ್ಬರಿದ್ದಾರೆಂದು ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಯಾರಾದರೂ ಹೇಳಬೇಕು.

ಕಡೆಯದಾಗಿ, ಅರ್ಥವನ್ನು ಹುಡುಕುವ ಮೊದಲು ಆಳನ್ನು ಹುಡುಕಿ. ಹೆಸರಿನ ಪಟ್ಟಿಗಳು ಪ್ರತಿ ಹೆಸರಿಗೂ ಒಂದು ಅರ್ಥ ಬರೆದಿರುತ್ತವೆ: ಬೆಳಕು, ಉದಯ, ವಿಜಯ, ಅನಂತ. ಇವೆಲ್ಲ ಒಳ್ಳೆಯವೇ. ಆದರೆ ಹತ್ತು ವರ್ಷದ ಹುಡುಗ ಒಂದು ದಿನ ಬಂದು “ನನಗೆ ಈ ಹೆಸರು ಯಾಕಿಟ್ಟಿರಿ?” ಎಂದು ಕೇಳುತ್ತಾನೆ. ಆಗ ಪದದ ಅರ್ಥ ಹೇಳಿದರೆ ಮಾತು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬ ಮನುಷ್ಯನ ಕಥೆ ಹೇಳುವಂತಿದ್ದರೆ, ಆತ ಎಲ್ಲಿದ್ದ, ಏನು ಉತ್ತ, ಏನು ಓದಿದ, ಯಾರಿಗೆ ನೆರವಾದ, ಏನನ್ನು ನುಂಗಿಕೊಂಡ ಎಂದು ಹೇಳುವಂತಿದ್ದರೆ, ಆ ಮಾತು ರಾತ್ರಿಯ ಊಟದವರೆಗೂ ನಡೆಯುತ್ತದೆ. ಅಂಥ ಕಥೆಯೊಂದು ನಿಮ್ಮ ಮನೆಯ ಯಾವ ಹಳೆಯ ಹೆಸರಿನ ಹಿಂದೆ ಇದೆಯೋ, ಮತ್ತು ಆ ಹೆಸರನ್ನು ಕೇಳಿದಾಗ ಮನೆಯಲ್ಲಿ ಯಾರ ಮನಸ್ಸೂ ಮುದುಡುವುದಿಲ್ಲವೋ, ಅದನ್ನು ನಿಶ್ಚಿಂತೆಯಿಂದ ಆರಿಸಿ.

(ಬಾನುಲಿ ಭಾಷಣ)